ಮಾಳಿಗೆಯ ಮೇಲಿನ ಹೊಲ

ನಮ್ಮ ಸೋದರತ್ತೆಗೆ ಹೆದರಿಕೆ ಎಂಬುದೇ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಹೆದರಬೇಕು!

ಕಳ್ಳಂಬೆಳ್ಳದ ಹತ್ತಿರ ತಾತ ಬಿಟ್ಟುಹೋದ ಮಣ್ಣಿನ ಮಾಳಿಗೆಮನೆ, ಹಿಂದಿನ ಹುಣಸೆತೋಪು ಎರಡೂ ಅತ್ತೆಗೆ ಬಂದವು. ತೋಪನ್ನು ಚೆನ್ನಾಗಿ ನೋಡಿಕೊಂಡರು. ಮನೆಯನ್ನು ಅದಕ್ಕಿಂತ ಚೆನ್ನಾಗಿ ನೋಡಿಕೊಂಡರು; ಪ್ರಾಣಭಯ ಶುರುವಾದದ್ದೇ ಅಲ್ಲಿಂದ. ನಮ್ಮ ಕಡೆ ಮಾಳಿಗೆ ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮೇಲೆ ಚೌಳುಮಣ್ಣು ಹರಡುತ್ತಾರೆ. ಬುದ್ಧಿವಂತರು ಹಳೆಯದನ್ನು ಕೆರೆದು ಹೊಸದು ಹಾಕುತ್ತಾರೆ. ಅತ್ತೆ ಕೆರೆಯುವುದಿಲ್ಲ!

“ನಮ್ಮಪ್ಪ ಕೈಯಾರೆ ಹಾಕಿದ ಮಣ್ಣು ಕಣೇ. ಅದರ ಮ್ಯಾಲೆ ಗುದ್ಲಿ ಆಡುಸ್ಲಾ?”

ಹೀಗೆ ವರ್ಷವರ್ಷವೂ ಮಣ್ಣಿನ ಮೇಲೆ ಮಣ್ಣು. ಈಗ ಅಲ್ಲಿ ಕಡ್ಲೆಕಾಯಿ ಬಿತ್ತಬಹುದು. ಕೆಳಗೆ ನಡುತೊಲೆ ತುಂಬು ಬಸುರಿಯ ಹೊಟ್ಟೆಯಂತೆ ಜೋತಿದೆ.

ಒಮ್ಮೆ ಊಟಕ್ಕೆ ಕೂತಿದ್ದೆವು. ಮುದ್ದೆ ಮುರಿದು ಸಾರಿಗೆ ಅದ್ದಿದ್ದೇನೆ, ಮೇಲೆ ‘ಲಟಕ್’!

“ಅತ್ತೇ, ತೊಲೆ!”

“ವಯಸ್ಸಾಗೈತೆ, ಮೈ ಮುರೀತೈತೆ ಬುಡು. ನಿನ್ ಸೊಂಟ ಲಟಕ್ ಅನ್ನಲ್ವೇನು?”

ಆ ಮುದ್ದೆ ಗಂಟಲಿಂದ ಇಳಿಯಲು ಸಂಜೆಯಾಯಿತು.

ಶಿರಾದಿಂದ ಮೇಸ್ತ್ರಿಯನ್ನು ಕರೆಸಿದೆ. ಹೊಸ್ತಿಲಲ್ಲೇ ಕತ್ತೆತ್ತಿ ನೋಡಿದ ಆತ ಒಂದು ಹೆಜ್ಜೆ ಹಿಂದಕ್ಕಿಟ್ಟ.

“ಒಳಕ್ಕೆ ಬಂದು ಸರ್ಯಾಗಿ ನೋಡಪ್ಪ,” ಅಂದರು ಅತ್ತೆ.

“ನೋಡಾಯ್ತಮ್ಮ. ಕಾಫಿ ಇಲ್ಲಿಗೇ ಕೊಡಿ. ಮಣ್ಣು ನೀವ್ ಇಳ್ಸಿ, ಇಲ್ಲಾಂದ್ರೆ ಅದೇ ಇಳೀತೈತೆ.”

“ಪುಕ್ಕಲ!” ಎಂದು ಅತ್ತೆ ನಕ್ಕರು. ನಾನು ಮೆಲ್ಲಗೆ ಹೋಗಿ ಮೇಸ್ತ್ರಿಯ ಪಕ್ಕ ನಿಂತೆ. ನನ್ನ ಕಾಫಿಯೂ ಅಲ್ಲಿಗೇ ಬಂತು.

ಈ ಸಲ ಮುಂಗಾರಿನ ಮೊದಲ ಮಳೆ ಮಧ್ಯಾಹ್ನವೇ ಹಿಡಿಯಿತು. ನೀರು ಕುಡಿದ ಮಣ್ಣಿನ ಭಾರ ಕೇಳಬೇಕೆ? ಸೂರಿನಿಂದ ಧೂಳು ಉದುರತೊಡಗಿತು. ಅತ್ತೆ ನಡುತೊಲೆಯ ಅಡಿಯಲ್ಲೇ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಾರೆ! ಒಂದೊಂದು ಏಟಿಗೂ ನಾನು ಕತ್ತೆತ್ತಿ ತೊಲೆ ನೋಡುತ್ತಿದ್ದೆ.

“ಎದ್ದು ಬನ್ನಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ!”

“ನೀನು ಹೊರಕ್ಕೋಗು. ನಮ್ಮಪ್ಪನ ಮನೆ ನನ್ ಮ್ಯಾಲೆ ಬೀಳಾಕಿಲ್ಲ.”

ಬಾಗಿಲ ತನಕ ಹೋದೆ. ಅವರನ್ನು ಬಿಟ್ಟು ಹೊಸ್ತಿಲು ದಾಟಲಾಗಲಿಲ್ಲ. ತಿರುಗಿ ಬಂದು ಅವರ ಪಕ್ಕದಲ್ಲೇ ಕಣ್ಣುಮುಚ್ಚಿ ಕೂತುಬಿಟ್ಟೆ.

ಕುಟ್ಟುವ ಸದ್ದು ನಿಂತಿತು. ಕಣ್ಣು ಬಿಟ್ಟರೆ, ಅತ್ತೆ ಒಮ್ಮೆ ತೊಲೆಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಾರೆ. “ಎದ್ದೇಳೇ ಮುಂಡೇದೇ!” ಎಂದವರೇ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದರು. ಇಬ್ಬರೂ ಮಳೆಯಲ್ಲಿ ತೊಪ್ಪೆಯಾದೆವು. ಆದರೂ ಅತ್ತೆ ಹಿಡಿದ ರಟ್ಟೆ ಬಿಡಲಿಲ್ಲ.

ತೊಲೆ ಹೇಗೋ ತಡೆದುಕೊಂಡಿತು. ಬಿಸಿಲು ಬಿದ್ದು ಮಾಳಿಗೆ ಆರಿದ ಮೇಲೆ ಅತ್ತೆಯೇ ಮೇಸ್ತ್ರಿಗೆ ಹೇಳಿಕಳಿಸಿದರು. ತೊಲೆಯ ಅಡಿಗೆ ಊರೆಗಂಬ ಕೊಟ್ಟು ಆಳುಗಳು ಗುದ್ದಲಿ ಹಿಡಿದು ಮೇಲೆ ಹತ್ತಿದರು. ಅತ್ತೆ ಅಂಗಳದಲ್ಲಿ ನಿಂತು, ಮಣ್ಣು ತುಂಬಿದ ಮೊದಲ ಮಂಕರಿಗೆ ಎರಡೂ ಕೈ ಚಾಚಿ, ಆಳುಗಳಿಗೆ ಕೇಳಿಸದಂತೆ ಮೇಲಕ್ಕೆ ನೋಡಿ ಅಂದರು:

“ಅಪ್ಪಾ, ಇಳ್ದು ಬಂದ್ಬುಡು. ಹುಡ್ಗಿ ಎದ್ರುಕಂಡವಳೆ.”