ಭಾವನ ಮನೆಯ ಲೈನು

ನಮ್ಮ ಭಾವನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿಗೆ ನೆಟ್ ಸಿಗುವುದಕ್ಕಿಂತ, ಈ ವಯಸ್ಸಿನಲ್ಲಿ ನನಗೆ ಸರ್ಕಾರಿ ನೌಕರಿ ಸಿಗುವುದು ಸುಲಭ!

ಭಾವ ಎಂದರೆ ಅಕ್ಕನ ಗಂಡ. ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ತಾವು ಸೀಟಿ ಊದದೆ ಬಸ್ಸಿನ ಚಕ್ರ ಉರುಳಲು ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ಬಸ್ಸಿಲ್ಲವಲ್ಲ, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿನೊಳಗೆ ನೆಟ್ ಹಂಚುವ ಒಂದು ಪ್ರೋಗ್ರಾಮು, 'ಕನೆಕ್ಷನ್ ಮ್ಯಾನೇಜರ'ನ್ನು ಕೂರಿಸಿದ್ದಾರೆ. ಪ್ರತಿ ಪ್ರೋಗ್ರಾಮೂ ಅದರ ಮುಂದೆ ನಿಂತು 'ಸೆಷನ್', ಅಂದರೆ ನೆಟ್ ಬಳಸುವ ಸರದಿ, ಕೇಳಬೇಕು. ಕೊಟ್ಟರೆ ಹೊರಡಬೇಕು, ಕೆಲಸ ಮುಗಿದರೆ ಜಾಗ ಬಿಡಬೇಕು.

ಹುಚ್ಚೇ? ಅಲ್ಲ. ಅಕ್ಕನ ಹೃದಯ ಸೋತಿದೆ. ಮೈಸೂರಿನವರೆಗೆ ಪ್ರಯಾಣ ಮಾಡುವ ಶಕ್ತಿಯಿಲ್ಲದ ಅವಳನ್ನು ಡಾಕ್ಟರು ವಾರಕ್ಕೊಮ್ಮೆ ವಿಡಿಯೋದಲ್ಲೇ ನೋಡುತ್ತಾರೆ. ಒಮ್ಮೆ ಮಧ್ಯದಲ್ಲೇ ಲೈನ್ ಹೋಗಿ, ಮಾತ್ರೆ ಅರ್ಧವೋ ಒಂದೋ ಗೊತ್ತಾಗದೆ ಭಾವ ದಿನವಿಡೀ ಬೆವರಿದರು. ಅಂದಿನಿಂದ ಡಾಕ್ಟರ ಕಾಲ್‌ಗೆ ಎರಡು ದಾರಿ: ಬ್ರಾಡ್‌ಬ್ಯಾಂಡ್, ಅದು ಸತ್ತರೆ ಮೊಬೈಲ್ ಸಿಮ್ಮು. ಮಿಕ್ಕವೆಲ್ಲ ಕಾಯಬೇಕು.

ನಂಜನಗೂಡಿನಿಂದ ಹೋದ ನಾನು ಒಮ್ಮೆ, ವಾಪಸಾಗುವಾಗ ಮಳೆ ಹಿಡಿದರೇನು ಗತಿ ಎಂದು ಆ ಕಂಪ್ಯೂಟರಿನಲ್ಲಿ ಹವಾಮಾನ ನೋಡಲು ಹೋದೆ. ಪರದೆ ಅಲ್ಲಾಡಲಿಲ್ಲ.

"ನಿನ್ ಮಳೆಗೇನ್ ಅರ್ಜೆಂಟು? ಕಿಟಕಿ ತಗ್ದು ನೋಡು!" ಎಂದರು ಭಾವ.

ಇನ್ನೊಮ್ಮೆ ಕಾಫಿ ಕುಡಿಯುತ್ತಾ ನನ್ನ ಸಕ್ಕರೆ ಕಾಯಿಲೆ, ಮಂಡಿನೋವು, ಸಾಲದ್ದಕ್ಕೆ ಗೋಡೆಯ ಬಿರುಕು ಎಂದೆಲ್ಲ ಕೊರೆಯುತ್ತಿದ್ದೆ. ಭಾವ ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿಯೇಬಿಟ್ಟರು!

"ನಿನ್ ಸೆಷನ್ ಮುಗೀತು ಕಣಯ್ಯ. ಮುಂದಿನ್ ಗಾಡಿಗೆ ಜಾಗ ಬುಡು."

"ಪಾಪ, ಅವುನ್ ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ಲ ಕಣ್ರೀ!" ಎಂದು ಅಕ್ಕ ಒಳಗಿನಿಂದ ನಕ್ಕಳು. ನಗು ಏದುಸಿರಾಯಿತು. ನಾವಿಬ್ಬರೂ ಲೋಟದೊಳಗೆ ನೋಡುತ್ತಾ ಕೂತೆವು.

ಹೋದ ವಾರ ಡಾಕ್ಟರ ಕಾಲ್ ಇದ್ದಾಗ ನಾನೂ ಇದ್ದೆ. ಅಕ್ಕ ಮುಖ ತೋರಿಸಿ, ಸುಸ್ತಾಗಿ ಒಳಗೆ ಹೋಗಿ ಮಲಗಿದಳು. ಡಾಕ್ಟರು ಹೊಸ ರಿಪೋರ್ಟು ತೆರೆದರು. ಅಷ್ಟರಲ್ಲಿ ಬೀದಿಯಲ್ಲಿ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ಕೇಬಲ್ಲನ್ನೇ ಎತ್ತಿಹಾಕಿತು. ಚಿತ್ರ ಒಂದು ಕ್ಷಣ ನಿಂತು, ಸಿಮ್ಮಿನ ದಾರಿ ಹಿಡಿದು ಮತ್ತೆ ಚಲಿಸಿತು.

"ನೋಡ್ದಾ? ಗಾಡಿ ಕೆಟ್ರೂ ಪ್ಯಾಸೆಂಜರ್ ನಿಲ್ಲಂಗಿಲ್ಲ!" ಭಾವ ಮೀಸೆ ತಿರುವಿದರು.

ಆಗ ಡಾಕ್ಟರು ಹೇಳಿದರು: "ಇನ್ನು ಮಾತ್ರೆ ಬದಲಾಯಿಸಿ ಪ್ರಯೋಜನ ಇಲ್ಲ ಯಜಮಾನ್ರೇ. ಇರೋಷ್ಟು ದಿನ ಮನೇಲೇ ನೆಮ್ಮದಿಯಾಗಿರ್ಲಿ. ಅವ್ರು ಕೇಳಿದ್ದು ಮಾಡ್ಕೊಡಿ."

ಒಂದಕ್ಷರವೂ ತುಂಡಾಗದೆ ಕೇಳಿಸಿತು. ಅಷ್ಟು ಸ್ಪಷ್ಟವಾದ ಲೈನು ಯಾರಿಗೆ ಬೇಕಿತ್ತು?

"ಏನಂದ್ರುರೀ ಡಾಕ್ಟ್ರು?" ಒಳಗಿನಿಂದ ಅಕ್ಕ.

ಭಾವ ಒಳಬಾಗಿಲ ಕಡೆ ತಿರುಗಿದರು. "ಲೈನ್ ಕಟ್ಟಾಗೋಯ್ತು ಕಣೆ. ಏನೂ ಕೇಳಿಸ್ನಿಲ್ಲ."

"ನಿಮ್ ಲೈನಾ? ಕಟ್ಟಾಯ್ತಾ?"

"ಊಂ ಕಣಕ್ಕ," ಎಂದೆ ನಾನು. "ಬೀದಿ ಅಗೀತಾವ್ರೆ."

ಒಳಗೆ ಅಕ್ಕ ಮಗ್ಗುಲು ಬದಲಿಸಿದ ಸದ್ದು ಕೇಳಿತು.

"ಓಗ್ಲಿ ಬುಡಿ," ಎಂದಳು ಕೊನೆಗೆ. "ಅದುನ್ನ ಆರ್ಸ್‌ಬುಟ್ಟು ಬನ್ನಿ. ಇಲ್ಲಿ, ನನ್ ಪಕ್ಕ ಕೂತ್ಕಳಿ."

ಭಾವ ಕಂಪ್ಯೂಟರ್ ಆರಿಸಿ ಒಳಗೆ ಹೋದರು.