ಸಾಲಗಾಮೆಯಲ್ಲಿ ಅರವತ್ತು ಮಿಲಿಮೀಟರ್

ಸುಬ್ಬಮ್ಮ ತಪ್ಪು ಒಪ್ಪಿಕೊಳ್ಳುವ ಹೆಂಗಸಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಂಡವರ ನಾಲಿಗೆ ಸರಿಯಿಲ್ಲ ಎನ್ನುತ್ತಾಳೆ.

ನಿಸರ್ಗ: ಇದರೊಳಕ್ಕೆ ನೀರು ಹುಯ್ದಿದ್ದು ನೀನೇ ತಾನೆ ಅಜ್ಜಿ?

ಸುಬ್ಬಮ್ಮ: ನಾನ್ಯಾಕೆ ಉಯ್ಲಿ? ಮಳೆ ಬಂದಿರ್ಬೇಕು ಕಣ್ಮಗ.

ಮೊಮ್ಮಗಳ ಕೈಯಲ್ಲಿ ಮಳೆಮಾಪಕವಿತ್ತು. ಹಾಸನದ ಕಾಲೇಜಿನಲ್ಲಿ ಮೊದಲ ವರ್ಷದ ವಾತಾವರಣ ವಿಜ್ಞಾನ ಓದುತ್ತಿದ್ದಾಳೆ. ದಿನಾ ಬೆಳಿಗ್ಗೆ ಮನೆಯಂಗಳದ ಮಳೆ ಅಳೆದು ಮೇಡಂಗೆ ಕಳಿಸುವುದೇ ಪ್ರಾಕ್ಟಿಕಲ್. ಈಗ ಮಾಗಿಯ ಚಳಿ, ಮೋಡದ ಸುಳಿವಿಲ್ಲ.

ನಿಸರ್ಗ: ಅಂಗಳ ಒಣಗಿದೆ.

ಸುಬ್ಬಮ್ಮ: ನೆಲ ಕುಡ್ಕಂಡೈತೆ.

ನಿಸರ್ಗ: ತಂತಿ ಮೇಲಿರೋ ನಿನ್ನ ಸೀರೆನೂ ಒಣಗಿದೆ.

ಸುಬ್ಬಮ್ಮ: ಅದು ನೈಲಾನು.

ನಿಸರ್ಗ: ಮಳೆನೀರು ಹಳದಿ ಇರುತ್ತಾ?

ಸುಬ್ಬಮ್ಮ: ಗಾಳಿಯೆಲ್ಲ ಕೆಟ್ಟೋಗೈತೆ ಅಂತ ದಿನಾ ಜೋರಾಗಿ ಓದೋಳು ನೀನೇ ಅಲ್ವಾ?

ನಿಸರ್ಗ: ಅಜ್ಜಿ, ಇದು ಅರಿಶಿನ!

ಸುಬ್ಬಮ್ಮ ಸೂರು ನೋಡಿದಳು.

ಸುಬ್ಬಮ್ಮ: ದಿನಾ ಎದ್ದೇಟ್ಗೆ ಖಾಲಿ ಪಾತ್ರೆ ಇಣುಕಿ ನೋಡ್ತೀಯ. ಇವತ್ತು ಪರೀಕ್ಷೆ ಬೇರೆ. ಖಾಲಿ ಕೊಡ ಎದುರಿಗೆ ಬಂದ್ರೆ ನಿಮ್ಮಪ್ಪ ಚಪ್ಪಲಿ ಬಿಟ್ಟು ಒಳಕ್ಕೆ ಬಂದು ಕೂತ್ಕತಾನೆ. ತುಂಬಿದ್ದು ಕಾಣ್ಲಿ ಅಂತ ಯಾರೋ ಪುಣ್ಯಾತ್ಮರು ಒಂದು ಚೊಂಬು ಉಯ್ದಿರ್ಬೋದು.

ನಿಸರ್ಗ: ಆ ಪುಣ್ಯಾತ್ಮರಿಂದ ನನ್ನ ಮಾರ್ಕ್ಸ್ ಹೋಯ್ತು! ನಿದ್ದೆಗಣ್ಣಲ್ಲಿ ಗೆರೆ ನೋಡಿ ಅರವತ್ತು ಮಿಲಿಮೀಟರ್ ಅಂತ ಕಳಿಸಿಬಿಟ್ಟೆ.

ಸುಬ್ಬಮ್ಮ: ಅದು ಜಾಸ್ತಿನಾ?

ನಿಸರ್ಗ: ರಸ್ತೆ ಮೇಲೆ ಹೊಳೆ ಹರಿಯೋಷ್ಟು!

ಸುಬ್ಬಮ್ಮ: ಒಳ್ಳೇದೇ ಆಯ್ತಲ್ಲ. ಮಿಕ್ಕೋರೆಲ್ಲ ಬರೀ ಸೊನ್ನೆ ಕಳಿಸಿರ್ತಾರೆ.

ಫೋನು ಬಡಿದುಕೊಂಡಿತು. ಶ್ರೀಗೌರಿ ಮೇಡಂ. ಅವರ ದನಿಗೆ ಸ್ಪೀಕರ್ ಬೇಕಿರಲಿಲ್ಲ.

ಮೇಡಂ: ಹೊಳೆನರಸೀಪುರದಲ್ಲಿ ಹನಿ ಇಲ್ಲ, ಅರಕಲಗೂಡಲ್ಲಿ ಹನಿ ಇಲ್ಲ. ಸಾಲಗಾಮೆಲಿ ನಿಮ್ಮ ಮನೆ ಮೇಲೆ ಮಾತ್ರ ಅರವತ್ತು ಮಿಲಿಮೀಟರಾ? ಕಳಿಸೋ ಮುಂಚೆ ತಲೆಯೆತ್ತಿ ಆಕಾಶ ನೋಡಿದ್ಯಾ?

ನಿಸರ್ಗ: ಮೇಡಂ, ಅದು...

ಮೇಡಂ: ಹಾಸಿಗೆ ಬಿಟ್ಟು ಏಳದೆ ಸುಳ್ಳು ಬರೆದಿದೀಯ. ಪ್ರಾಕ್ಟಿಕಲ್‌ನಿಂದ ನಿನ್ನ ಹೆಸರು ತೆಗೀತೀನಿ.

ನಿಸರ್ಗ ಬಾಯಿ ತೆರೆದಳು. ಅಜ್ಜಿಯ ಕಡೆ ನೋಡಿ ಮುಚ್ಚಿದಳು. ಸುಬ್ಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ಕಿತ್ತುಕೊಂಡಳು.

ಸುಬ್ಬಮ್ಮ: ಮಗ ಸುಳ್ಳೇಳಿಲ್ಲ ಕಣ್ರವ್ವ. ಉಯ್ದಿದ್ದು ಮಳೆಯಲ್ಲ, ಸುಬ್ಬಮ್ಮ.