ಮಣೆಯ ಮೇಲಿನ ಬ್ಯಾಟರಿ

ನಮ್ಮಣ್ಣನಿಗೆ ಇಬ್ಬರು ತಂಗಿಯರು. ಒಬ್ಬಳು ನಾನು, ಇನ್ನೊಬ್ಬಳು ಬ್ಯಾಟರಿ! ಒಂದೇ ಒಂದು ವಾರ ಅವಳನ್ನು ನೋಡಿಕೋ ಎಂದು ಹೇಳಿ ಹೋದರೆ ನನ್ನಿಂದ ಆಗಲಿಲ್ಲ. ಆಗಲಿಲ್ಲ ಎನ್ನುವುದೂ ಸುಳ್ಳೇ, ನಾನು ಮಾಡಲಿಲ್ಲ. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ತಪ್ಪನ್ನು ಬಣ್ಣ ಹಚ್ಚಿ ಹೇಳುವ ಪಾಠ ಮುಂದಿನ ಇಯತ್ತೆಯಲ್ಲಿತ್ತೋ ಏನೋ!

ಕಲಘಟಗಿ ಕಡೆಯ ನಮ್ಮೂರ ಕೆರೆಯನ್ನು ಅಣ್ಣ ಮೀನು ಸಾಕಲು ಗುತ್ತಿಗೆ ಹಿಡಿದಿದ್ದಾನೆ. ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ, ಹಾಗಾಗಿ ಮೀನುಗಳಿಗೂ ಅವನ ಮೇಲೆ ಭಾರೀ ವಿಶ್ವಾಸ. ಕೆರೆಯ ನಡುವೆ ನೆಟ್ಟ ಕಂಬಗಳಿಗೆ ತೂತಿನ ಚೀಲಗಳನ್ನು ಕಟ್ಟಿದ್ದಾನೆ. ದಿನಾ ಹೋಗಿ ಅವುಗಳಲ್ಲಿ ಮೀನಿನ ತಿನಿಸು ಹಿಂಡಿ ತುಂಬಬೇಕು. ಅದಕ್ಕೊಂದು ಪುಟ್ಟ ದೋಣಿ. ಹುಟ್ಟು ಹಾಕಲು ಅವನಿಗಾಗದು. ಹುಣಸೆ ಮರದಿಂದ ಬಿದ್ದಾಗಿನಿಂದ ಬಲಗೈ ಎದೆಯ ಮಟ್ಟಕ್ಕೂ ಏಳುವುದಿಲ್ಲ. ಹೀಗಾಗಿ ದೋಣಿಗೆ ಮೋಟಾರು, ಮೋಟಾರಿಗೆ ಬ್ಯಾಟರಿ, ಬ್ಯಾಟರಿಗೆ ನಾವೆಲ್ಲ ಆಳುಗಳು!

"ಟ್ರ್ಯಾಕ್ಟರಿಂದ ಒಂದ್ ಹಳೇದು ತಂದಿದ್ರ ನಡೀತಿರಲಿಲ್ಲೇನು?" ಎಂದು ಒಮ್ಮೆ ಕೇಳಿದೆ. ದೇವರಿಗೆ ಬೈದವಳನ್ನು ನೋಡುವಂತೆ ನೋಡಿದ.

"ಟ್ರ್ಯಾಕ್ಟರ್ ಬ್ಯಾಟರಿ ಅಂದ್ರ ಪೈಲ್ವಾನ ಬೇ. ಒಂದ್ ಸಲ ಜೋರ್ ಹಾಕಿ ಕುಂತ್ ಬಿಡ್ತೈತಿ. ಇದು ಎತ್ತು. ಸಾವಕಾಶ ದಿನಪೂರ್ತಿ ಎಳೀತೈತಿ. ಆದ್ರ ಅರ್ಧಕ್ಕಿಂತ ಹೆಚ್ಚ ದಣಿಸಬಾರದು. ಮನಿಗೆ ಬಂದ ಕೂಡ್ಲೆ ಮೇವು ಹಾಕ್ಬೇಕು."

ಮೇವು ಎಂದರೆ ಚಾರ್ಜು. ಕೆರೆಯಿಂದ ಬಂದವನು ತಾನು ಕಾಲು ತೊಳೆಯುವುದಕ್ಕೆ ಮೊದಲು ಅದಕ್ಕೆ ವಾಯರು ಹಚ್ಚುತ್ತಾನೆ. ನೆಲದ ತಂಪು ತಾಗಬಾರದೆಂದು ಅದನ್ನು ಕೂರಿಸಿರುವುದು ಎಲ್ಲಿ ಗೊತ್ತೇ? ತನ್ನ ಮದುವೆಯ ಮಣೆಯ ಮೇಲೆ! ಚಾರ್ಜು ಮುಗಿದ ಮೇಲೆ ಅದಕ್ಕೆ ಹುಬ್ಬಳ್ಳಿಯಿಂದ ಕ್ಯಾನಿನಲ್ಲಿ ತಂದ ಬ್ಯಾಟರಿ ನೀರು. ಬೋರಿನ ನೀರು ಅದಕ್ಕೆ ಒಗ್ಗುವುದಿಲ್ಲವಂತೆ. ನಾವು ಕುಡಿಯುವುದು ಬೋರಿನದೇ! ತುದಿಗಳಿಗೆ ಹಸಿರು ಕಿಲುಬು ಕಂಡರೆ ಅಡಿಗೆ ಸೋಡಾ ಹಾಕಿ ತಿಕ್ಕಿ, ಒರೆಸಿ, ಮುಲಾಮು ಸವರುತ್ತಾನೆ. ವಾರಕ್ಕೊಮ್ಮೆ ಗಾಜಿನ ಪಿಚಕಾರಿಯಿಂದ ಒಳಗಿನ ಆಸಿಡ್ ಎಳೆದು, ಬೆಳಕಿಗೆ ಹಿಡಿದು, ಡಾಕ್ಟರರಂತೆ "ಹೂಂ" ಅನ್ನುತ್ತಾನೆ.

"ನನಗ ಚಳಿಜ್ವರ ಬಂದಾಗ ಹಣಿ ಸುದ್ದಾ ಮುಟ್ಟಿ ನೋಡಲಿಲ್ರಿ ಈ ಮನಿಷ್ಯಾ" ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಪಿಚಕಾರಿಯನ್ನು ಸವತಿಯನ್ನು ನೋಡಿದಂತೆ ನೋಡುತ್ತಾಳೆ.

ಕಾಕಾ ಒಮ್ಮೆ ಅದರ ಬಾಜೂಕ್ಕೆ ಕುಳಿತು ಬೀಡಿ ಹಚ್ಚಲು ಹೋದರು. "ಕಾಕಾ, ಚಾರ್ಜ್ ಆಗೋ ಮುಂದ ಗ್ಯಾಸ್ ಬಿಡ್ತೈತಿ, ದೂರ ಹೋಗ್ರಿ!" ಎಂದು ಅಣ್ಣ ಕೂಗಿದ.

"ವಯಸ್ಸಾದ್ರ ನಾನೂ ಬಿಡ್ತೇನಿ. ನನ್ನನ್ನ ಯಾರ್ ಮಣಿ ಮ್ಯಾಲ ಕುಂದ್ರಸ್ಯಾರ?" ಎನ್ನುತ್ತ ಕಾಕಾ ಎದ್ದು ಹೋದರು.

ಇಂಥ ಮಹಾರಾಣಿಯನ್ನು ನನ್ನ ಕೈಗೆ ಕೊಟ್ಟು ಅಣ್ಣ, ವೈನಿ ಮೊರಬಕ್ಕೆ ಹೋದರು. ವೈನಿಯ ತಮ್ಮನ ಮದುವೆ. ಬಸ್ಸು ಹತ್ತುವಾಗಲೂ ಅವನದು ಅದೇ ಮಾತು: "ಖಾಲಿ ಹೊಟ್ಟೀಲೆ ಬಿಡಬ್ಯಾಡ ಬೇ. ಬಿಟ್ಟರ ಒಳಗಿನ ಪ್ಲೇಟಿಗೆ ಉಪ್ಪು ಗಟ್ಟಿ ಆಗಿ ಸತ್ತ ಹೋಗ್ತೈತಿ."

ಮರುದಿನವೇ ಊರಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು, ನಮ್ಮ ಬಾಯಲ್ಲಿ ಟಿ.ಸಿ., ಸುಟ್ಟಿತು. ಟಿ.ಸಿ. ಸುಟ್ಟರೆ ಊರಿಗೆಲ್ಲ ಕತ್ತಲೆ, ಹೊಸದು ಬರುವತನಕ ಕಾಯಬೇಕು. ಅದೂ ಯಾವಾಗ? ನಮ್ಮ ಧಾರಾವಾಹಿಯ ಅತ್ತೆಗೆ ಸೊಸೆ ಯಾರೆಂದು ಗೊತ್ತಾಗುವ ವಾರದಲ್ಲಿ!

ಬಾಜೂ ಮನೆಯ ಗಂಗಕ್ಕ ಸಂಜೆ ಬಂದು ಮಣೆಯ ಕಡೆ ನೋಡಿದಳು. "ನಮ್ಮ ಮನ್ಯಾಗ ಇನ್ವರ್ಟರ್ ಡಬ್ಬಿ ಐತಿ, ಬ್ಯಾಟರಿ ಸತ್ತೈತಿ. ನಿಮ್ಮಲ್ಲಿ ಬ್ಯಾಟರಿ ಐತಿ, ಡಬ್ಬಿ ಇಲ್ಲ. ಕನ್ಯಾ-ವರ ಕೂಡಿ ಬಂದಾವ ನೋಡು!"

ಕೂಡಿಸಿದೆವು. ಟಿ.ವಿ. ಹತ್ತಿತು. ಓಣಿಯೇ ನಮ್ಮ ಪಡಸಾಲೆಗೆ ಬಂತು, ಮೊಬೈಲುಗಳ ಸಮೇತ. ಎರಡನೆಯ ದಿನ ಡಬ್ಬಿ ಕುಂಯ್ ಎಂದಿತು. ಸೊಸೆಯ ಅಳುವಿನಲ್ಲಿ ಆ ಅಳು ಯಾರಿಗೆ ಕೇಳಬೇಕು? ತಾನಾಗಿ ಆರಿತು. ಮತ್ತೆ ಒತ್ತಿದೆ, ಹತ್ತಿತು. ಹೀಗೆ ಒತ್ತಿ ಒತ್ತಿ ಅತ್ತೆಗೆ ಸೊಸೆಯ ಗುರುತು ಹತ್ತಿಸಿಯೇ ಬಿಟ್ಟೆವು. ಆಮೇಲೆ ಎಷ್ಟು ಒತ್ತಿದರೂ ಹತ್ತಲಿಲ್ಲ. ಚಾರ್ಜು ಮಾಡೋಣವೆಂದರೆ ಊರಲ್ಲಿ ಕರೆಂಟೆಲ್ಲಿದೆ?

ಅಣ್ಣ ದಿನಾ ಫೋನು ಮಾಡುತ್ತಿದ್ದ. "ಆರಾಮ ಐತೇನ್ ಬೇ?" ನನ್ನನ್ನಲ್ಲ, ಅದನ್ನು!

"ಅಗದಿ ಆರಾಮ ಐತಿ. ಮೇವು ಹಾಕೇನಿ" ಎನ್ನುತ್ತಿದ್ದೆ. ಫೋನು ಸತ್ತಿದ್ದರೆ ಆ ಸುಳ್ಳಾದರೂ ತಪ್ಪುತ್ತಿತ್ತು. ಅದರ ಹೊಟ್ಟೆ ತುಂಬಿಸಿದ್ದೂ ಅದೇ ಬ್ಯಾಟರಿ.

ಅವನು ಬರುವ ಮುಂಜಾನೆ ಟಿ.ಸಿ. ಬಂತು. ಗಂಗಕ್ಕ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅಣ್ಣ ಬಂದು, ವಾಯರು ಹಚ್ಚಿ, ಕಾದ. ಪಿಚಕಾರಿ ಹಿಡಿದು ನೋಡಿದ. ಈ ಸಲ "ಹೂಂ" ಅನ್ನಲಿಲ್ಲ. ಬ್ಯಾಟರಿ ಚಾರ್ಜು ಹಿಡಿಯಲೇ ಇಲ್ಲ. ವಾಯರು ಬಿಚ್ಚಿಟ್ಟ.

"ಹೋಗೋ ಮುಂದ ಗಡಿಬಿಡಿಯೊಳಗ ಅದರ ನೀರು ನೋಡಲಿಲ್ಲ ಬೇ. ನಂದ ತಪ್ಪು. ನೀ ಪಾಪ, ಹೇಳಿದಂಗ ಮಾಡೀದಿ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇದಕ್ಕೇನು ಮಾಡಲಿ? ರೊಟ್ಟಿ ಬಡಿಯುವ ನೆಪ ಮಾಡಿ ಒಳಗೆ ಹೋದೆ.

ಮರುದಿನ ಅವನು ಹಿಂಡಿಯ ಚೀಲ, ಒಂದು ಹುಟ್ಟು ತೆಗೆದುಕೊಂಡು ಕೆರೆಗೆ ನಡೆದ. ಅವನಿಲ್ಲದೆ ವಾರದಿಂದ ಮೀನುಗಳು ಉಪವಾಸ. ನಾನೂ ಹಿಂದೆಯೇ ಹೋದೆ. ದೋಣಿ ಏರಿ ಎಡಗೈಯೊಂದರಿಂದಲೇ ಹುಟ್ಟು ಹಾಕತೊಡಗಿದ. ಒಂದೇ ಕಡೆ ಹಾಕಿದರೆ ದೋಣಿ ಮುಂದೆ ಹೋದೀತೇ? ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತತೊಡಗಿತು.

"ಅಣ್ಣಾರ, ಎಷ್ಟ್ ಪ್ರದಕ್ಷಿಣಿ ಹರಕಿ ಹೊತ್ತೀರಿ?" ಎಂದು ಏರಿಯ ಮೇಲಿನಿಂದ ಗಂಗಕ್ಕ ಕೂಗಿದಳು. ಬಟ್ಟೆ ಒಗೆಯುವವರೆಲ್ಲ ನಕ್ಕರು. ನಾನೂ ನಕ್ಕೆ. ಅಣ್ಣನೂ ನಕ್ಕ, ಆದರೆ ಹುಟ್ಟು ಬಿಡಲಿಲ್ಲ. ಆ ಸೋತ ಬಲಗೈಯನ್ನೂ ಹುಟ್ಟಿನ ಮೇಲೆ ಇಡಲು ನೋಡಿದ. ಅದು ಜಾರಿ ತೊಡೆಯ ಮೇಲೆ ಬಿತ್ತು.

ನನ್ನ ನಗು ಅಲ್ಲಿಗೇ ನಿಂತಿತು. ದೋಣಿ ಸುತ್ತಿ ಅವನ ಮುಖ ನನ್ನ ಕಡೆ ಬಂದಾಗ ಬಾಯಿ ಕಟ್ಟುತ್ತಿತ್ತು. ಬೆನ್ನು ತಿರುಗಿದಾಗ ಧೈರ್ಯ ಬರುತ್ತಿತ್ತು. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ಅವನ ಮುಖ ಇನ್ನೊಮ್ಮೆ ನನ್ನ ಕಡೆ ತಿರುಗುವವರೆಗೆ ಕಾದೆ.

"ಅಣ್ಣಾ, ಬ್ಯಾಟರಿ ಸತ್ತದ್ದು ನೀರಿಂದಲ್ಲೋ! ಅದನ್ನ ನಾನ ಕೊಂದೆ. ಟಿ.ವಿ. ಹಚ್ಚಿ ಕೊಂದೆ, ದಿನಾ ನಿನಗ ಸುಳ್ಳ ಹೇಳಿದೆ. ತಪ್ಪಾತೋ ಅಣ್ಣಾ... ನಂದ ತಪ್ಪು."